ಮಾವನ ತಂಡವೂ ನನ್ನ ಸಿಟ್ಟೂ

ಪ್ಲಂಬಿಂಗ್ ನನ್ನ ಹೊಟ್ಟೆಪಾಡು, ಸಿಟ್ಟು ನನ್ನ ಕುಲಕಸುಬು. ಶಾಲೆಯವರು ಒಂಬತ್ತನೇ ಕ್ಲಾಸಿನಲ್ಲೇ ನನ್ನನ್ನು ಬಿಟ್ಟರು (ನಾನೇ ಶಾಲೆ ಬಿಟ್ಟೆ ಅಂತ ಹೆಂಡತಿ ಹೇಳುತ್ತಾಳೆ, ನಂಬಬೇಡಿ). ಹಾಗಾಗಿ ಯಾವುದರ ಮೇಲೆ ಎಷ್ಟು ಸಿಟ್ಟು ಮಾಡಬೇಕೆಂದು ನನಗೆ ಯಾರೂ ಕಲಿಸಲಿಲ್ಲ, ಸ್ವಂತ ಪರಿಶ್ರಮದಿಂದ ಸಂಪಾದಿಸಿಕೊಂಡೆ. ಅದರಲ್ಲಿ ಮುಕ್ಕಾಲು ಪಾಲನ್ನು ನ್ಯೂಯಾರ್ಕಿನ ಬೇಸ್‌ಬಾಲ್ ತಂಡಕ್ಕೆ ಮೀಸಲಿಟ್ಟಿದ್ದೇನೆ. ಉಳಿದ ಕಾಲು ಪಾಲಿನಲ್ಲಿ ಮನೆ, ಗಿರಾಕಿ, ಹಿಮ, ಸರ್ಕಾರ ಎಲ್ಲವನ್ನೂ ಸುಧಾರಿಸಬೇಕು.

ಆ ತಂಡದವರ ಹತ್ತಿರ ದುಡ್ಡಿದೆ, ಗೆಲುವಿದೆ. ನಮ್ಮ ಊರಿನ ತಂಡದ ಹತ್ತಿರ ಮುಂದಿನ ವರ್ಷ ಇದೆ. ಡ್ವೇನ್ ಕೋಲ್ಟರ್ ಅನ್ನುವ ಹುಡುಗನನ್ನು ನಾವು ಸಾಕಿ ಬೆಳೆಸಿದೆವು. ಅವನಿಗೆ ಬ್ಯಾಟಿನ ತುದಿಗೂ ಚೆಂಡು ತಾಗಿಸಲು ಬಾರದ ಕಾಲದಲ್ಲಿ ಚಪ್ಪಾಳೆ ತಟ್ಟಿದೆವು. ಹೊಡೆಯಲು ಕಲಿತ ಮೇಲೆ ನ್ಯೂಯಾರ್ಕಿನವರು ಬಂದು ಅನಾಮತ್ತಾಗಿ ಎತ್ತಿಕೊಂಡು ಹೋದರು.

"ಹೋಗೋವಾಗ ಅವನು ಅತ್ತನಾ?" ನನ್ನ ಹೆಂಡತಿ ಲೊರೇನ್ ಆಲೂಗಡ್ಡೆ ಸುಲಿಯುತ್ತಾ ಕೇಳಿದಳು.

"ಅಳೋದ್ಯಾಕೆ? ಸುರಿದ್ರಲ್ಲ ದುಡ್ಡು."

"ಮತ್ತೆ ನೀನ್ಯಾಕೆ ಅಳ್ತಿದೀಯ, ವಾಲ್ಟ್? ನಮ್ಮ ತಂಡದ ಧಣಿ ಏನು ಭಿಕ್ಷೆ ಎತ್ತುತ್ತಾನಾ? ಖರ್ಚು ಮಾಡದೆ ಕೂತೋನನ್ನ ಬಿಟ್ಟು ಖರ್ಚು ಮಾಡಿದೋರನ್ನ ಬೈತೀಯ."

"ದುಡ್ಡಿದ್ದೋರು ಗೆದ್ರೆ ಅದರಲ್ಲೇನು ದೊಡ್ಡಸ್ತಿಕೆ?"

"ದುಡ್ಡಿದ್ದೂ ಸೋಲೋರು ಬೇಕಾದಷ್ಟು ಜನ ಇದಾರೆ. ದೊಡ್ಡ ಹೋಟೆಲಿನ ಪೈಪಿನ ಕೆಲಸ ನಿಂಗೆ ಸಿಕ್ಕಾಗ ಮೂಲೆಮನೆ ಪ್ಲಂಬರು ಮುಖ ತಿರುಗಿಸಿದ. ಅವನಿಗೆ ಹೊಟ್ಟೆಕಿಚ್ಚು ಅಂದೆ ನೀನು. ಇದಕ್ಕೇನು ಹೆಸರು?"

ಫ್ರಿಜ್ಜಿನ ಬಾಗಿಲನ್ನು ದಢಾರನೆ ಬಡಿದೆ. ವಾದದಲ್ಲಿ ನನ್ನ ಕೊನೆಯ ಮಾತು ಸಾಮಾನ್ಯವಾಗಿ ಫ್ರಿಜ್ಜಿನದೇ.

ಈ ಘನಘೋರ ಸಂವಾದವೆಲ್ಲ ಪಿಸುದನಿಯಲ್ಲೇ ನಡೆದದ್ದು, ಯಾಕೆಂದರೆ ಪಕ್ಕದ ಕೋಣೆಯಲ್ಲಿ ಮಾವ ಇದ್ದರು. ಸಿಲ್ವಿಯೋ ಮಾವ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಹುಟ್ಟಿ, ಆ ತಂಡದ ಮೈದಾನದ ಪಕ್ಕದ ಬೀದಿಯ ಬೇಕರಿಯಲ್ಲಿ ಜೀವಮಾನವೆಲ್ಲ ಹಿಟ್ಟು ನಾದಿದವರು. ಹೃದಯ ಕೈಕೊಟ್ಟ ಮೇಲೆ ನಮ್ಮ ಮನೆಗೆ ಬಂದರು. ಮನೆ ನನ್ನದು, ಸೋಫಾ ನನ್ನದು, ಅದರ ಮೇಲೆ ಹಗಲೂ ರಾತ್ರಿ ಆ ತಂಡದ ಟೋಪಿ. ಸಹಿಸಿಕೊಂಡೆ. ಅವರು ಕ್ರಿಸ್‌ಮಸ್ ನೋಡುವುದು ಕಷ್ಟ ಅಂತ ಡಾಕ್ಟರು ಲೊರೇನ್‌ಗೆ ಹೇಳಿದ್ದರು.

"ಶನಿವಾರ ಅವರು ಇಲ್ಲಿಗೆ ಆಡೋಕೆ ಬರ್ತಾರೆ," ಎಂದಳು ಅವಳು, ಆಲೂಗಡ್ಡೆ ಪಕ್ಕಕ್ಕಿಟ್ಟು. "ನೀನು ಬೇಲಿ ಹಿಂದಿನ ಬೆಂಚಲ್ಲಿ ಕೂರ್ತೀಯಲ್ಲ. ಅಪ್ಪ ಅಷ್ಟು ವರ್ಷ ಆಟ ನೋಡಿದ್ರೂ ಒಂದು ಚೆಂಡು ಅವನ ಕೈಗೆ ಬಂದಿಲ್ಲ. ನಿನ್ನ ಕೈಗೆ ಬಂದ್ರೆ ತಂದ್ಕೊಡು. ಇನ್ನೇನೂ ಕೇಳಲ್ಲ ನಿನ್ನ."

ಕೇಳಲು ಸುಲಭ. ಆದರೆ ಅಗ್ಗದ ಬೆಂಚುಗಳಿಗೊಂದು ಸಂವಿಧಾನವಿದೆ. ಎದುರಾಳಿ ಹೊಡೆದ ಹೋಮ್‌ರನ್ ಬೇಲಿ ದಾಟಿ ನಮ್ಮ ಮಧ್ಯೆ ಬಿದ್ದರೆ, ಹಿಡಿದವನು ಆ ಚೆಂಡನ್ನು ಮೈದಾನಕ್ಕೇ ವಾಪಸ್ ಎಸೆಯಬೇಕು. ಇಟ್ಟುಕೊಂಡವನು ದ್ರೋಹಿ, ಅವನ ತಲೆಗೆ ಬಿಯರ್ ಅಭಿಷೇಕ. ಜಾಣರು ಇದಕ್ಕೂ ದಾರಿ ಹುಡುಕಿದ್ದಾರೆ: ಜೇಬಿನಲ್ಲಿ ಒಂದು ಹಳೆಯ ಚೆಂಡು ಇಟ್ಟುಕೊಂಡು, ಅದನ್ನು ಎಸೆದು, ಅಸಲಿಯನ್ನು ಮನೆಗೆ ತರುತ್ತಾರೆ. ನಾನೂ ಗ್ಯಾರೇಜಿನಿಂದ ಒಂದನ್ನು ಹುಡುಕಿ ಜೇಬಿಗಿಳಿಸಿದೆ. ನಮ್ಮ ನಾಯಿ ಅದನ್ನು ಸ್ವಲ್ಪ ರುಚಿ ನೋಡಿತ್ತು. ದೂರದಿಂದ ಗೊತ್ತಾಗುತ್ತಿರಲಿಲ್ಲ.

ಏನು ಹೇಳಲಿ, ಚೆಂಡು ಬಂತು. ಹೊಡೆದವನು ಅದೇ ಕೋಲ್ಟರ್. ನೇರ ನನ್ನ ಅಂಗೈಗೆ ಬಂದು ಕೂತಿತು. ಸುತ್ತಲೂ "ಎಸಿ, ಎಸಿ" ಅಂತ ಗದ್ದಲ. ಬಲಗೈಯಲ್ಲಿ ಅಸಲಿ, ಎಡಗೈ ಜೇಬಿನಲ್ಲಿ ನಕಲಿಯ ಮೇಲೆ. ಅಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತ. ಅಷ್ಟರಲ್ಲಿ, ಮೈದಾನ ಸುತ್ತು ಹಾಕುತ್ತಿದ್ದ ಕೋಲ್ಟರ್ ನಮ್ಮ ಕಡೆ ನೋಡಿ, ಹಳೇ ಗುರುತಿನವನಂತೆ ಟೋಪಿ ಮುಟ್ಟಿ ನಕ್ಕ.

ಆಮೇಲಿನದು ನನ್ನ ಬುದ್ಧಿ ಮಾಡಿದ್ದಲ್ಲ, ಸಿಟ್ಟೇರಿದ ಬಲತೋಳು ಮಾಡಿದ್ದು. ಜನ ನನ್ನನ್ನು ಎತ್ತಿ ಕುಣಿಸಿದರು. ಯಾರೋ ಬಿಯರ್ ಕೊಟ್ಟರು. ಕುಡಿದು, ಜೇಬಿಗೆ ಕೈ ಹಾಕಿದೆ. ನಕಲಿ ಚೆಂಡು ಅಲ್ಲೇ ಬೆಚ್ಚಗೆ ಇತ್ತು.

ಮನೆಗೆ ಬಂದು, ದೇವರ ಮೇಲೆ ಭಾರ ಹಾಕಿ ಅದನ್ನೇ ಮಾವನ ಕೈಗಿಟ್ಟೆ. "ತಗೊಳ್ಳಿ ಮಾವ. ನಿಮಗೇ ಅಂತ ತಂದೆ."

ಅವರು ತಿರುಗಿಸಿ ತಿರುಗಿಸಿ ನೋಡಿದರು. "ಕೋಲ್ಟರ್ ಹೊಡೆದದ್ದಾ?"

"ಹೂಂ."

"ಅವನ ಬ್ಯಾಟಿಗೆ ಹಲ್ಲು ಯಾವಾಗ ಬಂತು?"

ಬಾಗಿಲಲ್ಲಿ ಲೊರೇನ್ ನಿಂತಿದ್ದಳು. ಅವಳ ಮುಖ ನೋಡುವ ಬದಲು ನಾನು ಯಾವ ಗಟಾರಕ್ಕೆ ಬೇಕಾದರೂ ಇಳಿಯುತ್ತಿದ್ದೆ.

"ಟೀವಿಯಲ್ಲಿ ನಿನ್ನನ್ನೇ ತೋರಿಸಿದ್ರು, ಮತ್ತೆ ಮತ್ತೆ," ಎಂದರು ಮಾವ. "ತೋಳು ಚೆನ್ನಾಗಿದೆ. ಮುಖ ಮಾತ್ರ ಕಾದ ಕಡಾಯಿ ಥರ ಕೆಂಪಗಿತ್ತು. ನೋಡಿ ಖುಷಿಯಾಯ್ತು."

"ಖುಷಿನಾ, ಅಪ್ಪ?" ಲೊರೇನ್ ಒಳಗೆ ಬಂದಳು. "ನಿಂಗೆ ಅಂತ ಕೇಳಿದ್ದ ಚೆಂಡು ಅದು."

"ಚೆಂಡು ತಗೊಂಡು ಎಲ್ಲಿಗೆ ಹೋಗಲಿ ನಾನು? ಮೈಯೆಲ್ಲ ಹಿಟ್ಟು ಮೆತ್ಕೊಂಡು ದುಡಿದೋನು, ಮಗಳೇ. ನನ್ನನ್ನ ನೋಡಿ ಹೊಟ್ಟೆ ಉರ್ಕೊಳ್ಳೋಕೆ ಲೋಕದಲ್ಲಿ ಯಾರಿಗೂ ಕಾರಣ ಇರಲಿಲ್ಲ. ಈ ಟೋಪಿ ಹಾಕ್ಕೊಂಡು ಬೇರೆ ಊರಿಗೆ ಹೋದಾಗ ಮಾತ್ರ ಜನ ಉಗೀತಿದ್ರು. ರಾಜನ ಥರ ನಡೀತಿದ್ದೆ." ಅವರು ಸ್ವಲ್ಪ ಉಸಿರು ತೆಗೆದುಕೊಂಡರು. "ಇಲ್ಲಿಗೆ ಬಂದ ಮೊದಲ ವಾರ ಈ ನಿನ್ನ ಗಂಡ ನನ್ನ ಎದುರೇ ನನ್ನ ತಂಡವನ್ನ ಬಾಯಿ ತುಂಬ ಬೈದ. ಆಮೇಲೆ ಪಿಸುಗುಟ್ಟೋಕೆ ಶುರು ಮಾಡಿದ. ಆವಾಗಲೇ ಗೊತ್ತಾಯ್ತು, ಡಾಕ್ಟರು ನಿಂಗೆ ಏನು ಹೇಳಿದ್ರು ಅಂತ."

ನನ್ನ ಪರವಾಗಿ ಮಾತಾಡಲು ಫ್ರಿಜ್ಜೂ ಹತ್ತಿರ ಇರಲಿಲ್ಲ.

ಮಾವ ವಿಧಿಸಿದ ಶಿಕ್ಷೆ ಅಂದೇ ಜಾರಿಗೆ ಬಂತು. ನ್ಯೂಯಾರ್ಕಿನವರ ಪ್ರತಿ ಆಟವನ್ನೂ ನಾನು ಮಾವನ ಪಕ್ಕ ಕೂತು ನೋಡಬೇಕು, ಜೋರಾಗಿ ಬೈಯಬೇಕು. ಕೆಲಸದಲ್ಲಿ ನಾನು ಮೋಸ ಮಾಡುವವನಲ್ಲ. ಅವರ ಧಣಿಯನ್ನು ಬೈದೆ, ಬೂಟುಗಳನ್ನು ಬೈದೆ, ಅವರ ಮೈದಾನದ ಹುಲ್ಲನ್ನೂ ಬಿಡಲಿಲ್ಲ. ಮಾವ ಕಣ್ಣು ಮುಚ್ಚಿಕೊಂಡು, ಸಂಗೀತ ಕೇಳುವವರಂತೆ ಕೇಳುತ್ತಿದ್ದರು. ಎಷ್ಟೋ ದಿನ ಸೂಪನ್ನು ಪೂರ್ತಿ ಕುಡಿದರು. ಆದರೂ ಎಲೆ ಉದುರುವ ಹೊತ್ತಿಗೆ ಟೋಪಿ ಅವರ ತಲೆಗೆ ದೊಡ್ಡದಾಗತೊಡಗಿತ್ತು. ಬಾತ್‌ರೂಮಿಗೆ ನಾನೇ ಎತ್ತಿಕೊಂಡು ಹೋಗುತ್ತಿದ್ದೆ. ತೂಕವೇ ಇರಲಿಲ್ಲ.

ಆ ವರ್ಷದ ಕೊನೆಯ ಸುತ್ತಿನ ಒಂದು ದೊಡ್ಡ ಆಟ. ನ್ಯೂಯಾರ್ಕಿನವರು ಒಂದೇ ಒಂದು ರನ್ನಿನಿಂದ ಹಿಂದಿದ್ದರು. ಸೋತರೆ ಈ ವರ್ಷದ ಆಟ ಅಲ್ಲಿಗೆ ಮುಗಿಯಿತು, ಮಾವನಿಗೆ ಮುಂದಿನ ವರ್ಷ ಇರಲಿಲ್ಲ. ಅವರ ಒಬ್ಬ ಆಟಗಾರ ಅರ್ಧ ಸುತ್ತು ಓಡಿ ಬೇಸಿನಲ್ಲಿ ಕಾಯುತ್ತಿದ್ದ, ಬ್ಯಾಟು ಹಿಡಿದು ಬಂದವನು ಕೋಲ್ಟರ್. ಕಂಬಳಿಯ ಅಂಚನ್ನು ಹಿಡಿದುಕೊಂಡ ಮಾವನ ಬೆರಳು ನೋಡಿದೆ. ಬೈಯಬೇಕಿತ್ತು. ನನಗೇ ತಿಳಿಯದೆ ಎದ್ದು ನಿಂತಿದ್ದೆ.

"ಹೊಡಿ ಮಗನೇ," ಅನ್ನುತ್ತಿದ್ದೆ. "ಒಂದೇ ಒಂದು. ಹೊಡಿ ನನ್ನಪ್ಪ."

ಹೊಡೆದ. ಚೆಂಡು ಬೇಲಿ ದಾಟಿತು. ನಾನು ಸೋಫಾ ಹತ್ತಿ ಕುಣಿದೆ, ಟೀವಿಗೆ ಮುತ್ತಿಟ್ಟೆ ಅಂತಲೂ ಲೊರೇನ್ ಹೇಳುತ್ತಾಳೆ. ತಿರುಗಿದರೆ ಅವಳು ಸೂಪಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಮಾವ ಮಾತ್ರ ನಗಲಿಲ್ಲ.

"ಇಳಿಯೋ ಕೆಳಗೆ," ಎಂದರು. "ಕೂತ್ಕೊಂಡು ಬೈ. ನಾನಿನ್ನೂ ಸತ್ತಿಲ್ಲ."

ಕೂತೆ. ಬಾಯಿ ತೆರೆದೆ. ಇಡೀ ಬದುಕು ಕೂಡಿಹಾಕಿದ ಸಿಟ್ಟಿನಲ್ಲಿ ಒಂದೇ ಒಂದು ಬೈಗುಳ ಹೊರಗೆ ಬರಲಿಲ್ಲ.

ಲೊರೇನ್ ಬಟ್ಟಲನ್ನು ಕೆಳಗಿಟ್ಟು, ನನ್ನನ್ನು ಪಕ್ಕಕ್ಕೆ ಸರಿಸಿ, ಅವರ ಹತ್ತಿರ ಕೂತಳು. "ನಿಮ್ಮೋರದ್ದು ಬರೀ ದುಡ್ಡಿನ ಕೊಬ್ಬು ಕಣಪ್ಪ," ಎಂದು ಶುರು ಮಾಡಿದಳು.

ನನಗಿಂತ ಚೆನ್ನಾಗಿ ಬೈದಳು.