ಕತ್ತಿಗೆ ಬಿದ್ದ ಬೀಗ

ಬಣ್ಣದ ಮೇಸ್ತ್ರಿಗೆ ಎರಡು ವಿಷಯದಲ್ಲಿ ಭಾರೀ ಹೆಮ್ಮೆ. ಒಂದು, ಅವರು ಬಳಿದ ಸೂರಿನಲ್ಲಿ ಬ್ರಷ್ಷಿನ ಗೆರೆ ಹುಡುಕಿದರೂ ಸಿಗುತ್ತಿರಲಿಲ್ಲ. ಇನ್ನೊಂದು, ಏಣಿ ಹತ್ತಿಳಿದು ಮೀಸೆ ನರೆತರೂ ‘ನೋವು’ ಎಂಬ ಮಾತು ಅವರ ಬಾಯಿಂದ ಹೊರಬಿದ್ದಿರಲಿಲ್ಲ. (ನೋವು ಇರಲಿಲ್ಲವೆಂದಲ್ಲ. ಹೊರಬಿದ್ದಿರಲಿಲ್ಲ, ಅಷ್ಟೆ.) “ನೋವು ಅನ್ನೋದು ಕೂತು ತಿನ್ನೋರ ಷೋಕಿ. ದುಡಿಯೋನಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ?” ಎಂದು, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಇಂಥ ಮೇಸ್ತ್ರಿಗೆ, ಮಗಳ ಮದುವೆ ಮಾತಾಡಲು ಹುಡುಗನ ಮನೆಯವರು ಬರುವ ದಿನವೇ ಕತ್ತು ಹಿಡಿದುಕೊಂಡಿತು. ವಾರವೆಲ್ಲ ಒಂದು ದೊಡ್ಡ ಸಭಾಂಗಣದ ಸೂರಿಗೆ ಬಣ್ಣ ಹೊಡೆದಿದ್ದರು. ಬೆಳಿಗ್ಗೆ ಎದ್ದರೆ ಮುಖ ಸೂರಿನ ಕಡೆಗೆ ತಿರುಗಿದ್ದು ತಿರುಗಿದಂತೆಯೇ ನಿಂತಿದೆ! ಇಳಿಸಲು ಹೋದರೆ ಕಣ್ಣಲ್ಲಿ ನೀರು.

“ಬಂದೋರಿಗೆ ಹೇಳಿಬಿಡೋಣ ರೀ, ಕತ್ತು ಉಳುಕಿದೆ ಅಂತ,” ಎಂದಳು ಹೆಂಡತಿ.

“ಹೇಳೀಯ, ಜೋಕೆ! ಮೊದಲ ದಿನವೇ ಬೀಗರ ಮುಂದೆ ರಿಪೇರಿಗೆ ಬಂದ ಗಾಡಿ ಥರ ನಿಂತ್ಕೊಳ್ಳಲಾ?”

“ಹಾಗಂತ ಸೂರು ನೋಡ್ಕೊಂಡು ಮಾತಾಡ್ತೀರಾ?”

“ಹೆಣ್ಣಿನ ಅಪ್ಪ ಯಾರಿಗೂ ತಲೆ ತಗ್ಗಿಸೋನಲ್ಲ ಅಂತ ತಿಳ್ಕೊಳ್ಳಲಿ ಬಿಡು. ಒಳ್ಳೇದೇ ಆಯ್ತು.”

ಹುಡುಗನ ಅಪ್ಪ ಟೈಲರು. ಹೆಂಡತಿ, ಮಗನ ಜೊತೆ ಬಾಗಿಲಲ್ಲಿ ನಿಂತು, ಮೇಸ್ತ್ರಿಯ ಪಾದವನ್ನೇ ನೋಡುತ್ತಾ “ನಮಸ್ಕಾರ” ಎಂದರು. ಮೇಸ್ತ್ರಿ ಕಷ್ಟಪಟ್ಟು ಕಣ್ಣನ್ನು ಕೆಳಕ್ಕೆಳೆದು ನೋಡಿದಾಗ ಕಂಡದ್ದು ಫಳಫಳ ಹೊಳೆಯುವ ಒಂದು ಬೋಳು ನೆತ್ತಿ. ಆಹಾ, ಎಂಥ ವಿನಯ ಎಂದುಕೊಂಡರು.

ಆ ಸಂತೋಷ ಟೀ ಆರುವಷ್ಟು ಹೊತ್ತೂ ಉಳಿಯಲಿಲ್ಲ. ಟೈಲರು ಕೂತರೂ ನೆಲ ನೋಡುತ್ತಾರೆ, ಬಿಸ್ಕತ್ತು ಮುರಿದರೂ ನೆಲ ನೋಡುತ್ತಾರೆ. ಮುಖ ಕೊಟ್ಟು ಒಂದು ಮಾತಿಲ್ಲ. ನಮ್ಮನ್ನ ಕಂಡರೆ ಇಷ್ಟು ತಾತ್ಸಾರವೇ ಎಂದು ಮೇಸ್ತ್ರಿಗೆ ಒಳಗೊಳಗೇ ಕುದಿಯತೊಡಗಿತು. ಅಷ್ಟರಲ್ಲಿ ಟೈಲರು ಬಾಯಿಬಿಟ್ಟರು:

“ನೆಲ ಹಳೇದು ಅನ್ಸುತ್ತೆ. ಅಲ್ಲಲ್ಲಿ ಬಿರುಕು ಬಿಟ್ಟಿದೆ.”

“ಬಂದಿರೋದು ನೆಲ ನೋಡೋಕಾ, ಹೆಣ್ಣು ಕೇಳೋಕಾ?”

“ಮತ್ತೇನ್ ನೋಡ್ಲಿ ಸ್ವಾಮೀ? ಬಂದಾಗಿಂದ ನಿಮ್ಮ ಗದ್ದ ಬಿಟ್ರೆ ಬೇರೇನೂ ತೋರಿಸಿಲ್ಲ ನೀವು. ಇಷ್ಟೊಂದು ಕೊಬ್ಬಾ?”

“ನಾನು ತಲೆಯೆತ್ತಿ ಬದುಕಿದೋನು ಕಣ್ರೀ!”

“ನಾನು ತಲೆ ಬಗ್ಗಿಸಿ ದುಡಿದೋನು!”

“ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ಮನಿರಿ,” ಎಂದಳು ಮಗಳು. ಹುಡುಗನ ಮುಖ ಸುಣ್ಣದಂತಾಗಿತ್ತು. ತಾವೇ ಮೆಚ್ಚಿಕೊಂಡು, ಎರಡೂ ಮನೆಯವರನ್ನು ಒಪ್ಪಿಸಲು ಅವರಿಬ್ಬರೂ ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ಅದೆಲ್ಲ ಒಂದು ಲೋಟ ಟೀಯಲ್ಲಿ ಮುಳುಗುವ ಹಾಗಿತ್ತು.

ಮೇಸ್ತ್ರಿ ಧಡಕ್ಕನೆ ಎದ್ದರು. “ಬಾಗಿಲು ಅಲ್ಲಿದೆ!” ಎಂದು ಭರ್ಜರಿಯಾಗಿ ಕೈ ಬೀಸಿದರು. ಕೈಯ ಜೊತೆ ಕತ್ತೂ ತಿರುಗಿತು. “ಅಯ್ಯಯ್ಯೋ, ಸತ್ತೆ!” ಎಂದು ಕೂಗಿ ಒಂದು ಕೈಲಿ ಕತ್ತು, ಇನ್ನೊಂದರಲ್ಲಿ ಗೋಡೆ ಹಿಡಿದರು.

ಬೆಚ್ಚಿಬಿದ್ದ ಟೈಲರು ಏನಾಯಿತೆಂದು ಥಟ್ಟನೆ ತಲೆಯೆತ್ತಿದರು. “ಅಮ್ಮಾ, ನನ್ ಕತ್ತು!”

ಟೈಲರ ಹೆಂಡತಿ ಸೆರಗಲ್ಲಿ ಮುಖ ಒರೆಸಿಕೊಂಡು ಹೇಳಿದರು: “ಶಾಲೆ ಮಕ್ಕಳ ಯೂನಿಫಾರಂ ಹೊಲಿಯೋಕೆ ಅಂತ ಮಿಷನ್ ಮುಂದೆ ಬಗ್ಗಿದ ತಲೆ, ಮೇಲೇಳ್ತಾನೇ ಇಲ್ಲ. ಬೀಗರ ಹತ್ರ ಬಾಯಿಬಿಟ್ರೆ ನೋಡು ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡು ಬಂದಿದಾರೆ.”

“ಛೆ, ಮೊದಲೇ ಹೇಳಬಾರದಾಗಿತ್ತಾ ಬೀಗರೇ?” ಎಂದರು ಮೇಸ್ತ್ರಿ.

“ನೀವು ಹೇಳಿದ್ರಾ?” ಎಂದರು ಟೈಲರು.

(ಬೀಗರೆಂದರೆ ಒಬ್ಬರಿಗಿಂತ ಒಬ್ಬರು ಬೀಗುವವರು ಎಂಬುದೇನೋ ಸರಿ. ಆದರೆ ಹೀಗೆ ಇಬ್ಬರ ಕತ್ತಿಗೂ ಒಟ್ಟಿಗೇ ಬೀಗ ಬಿದ್ದದ್ದನ್ನು ಯಾರು ಕಂಡಿದ್ದರು?)

ಅಲ್ಲಿಂದ ಗಾಳಿ ತಿರುಗಿತು. ಮುಚ್ಚಿಟ್ಟ ನೋವೇ ಈಗ ಪದಕವಾಯಿತು. “ನನ್ನ ಭುಜ ನೋಡಿ, ರಾತ್ರಿಯೆಲ್ಲ ಚಳುಕು,” ಎಂದು ಮೇಸ್ತ್ರಿ ಎದೆಯುಬ್ಬಿಸಿದರೆ, “ನನ್ನ ಬೆರಳು ಜೋಮು ಹಿಡಿದ್ರೆ ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ,” ಎಂದು ಟೈಲರು ಗೆದ್ದ ದನಿ ತೆಗೆದರು. ಕಸುಬಿನ ಮಾನದ ಪ್ರಶ್ನೆ! ಮದುವೆಗೆ ಇಬ್ಬರೂ ಒಂದೇ ಉಸಿರಿನಲ್ಲಿ ಹೂಂ ಅಂದರು. ಯಾರ ನೋವು ದೊಡ್ಡದು ಎಂಬುದಕ್ಕೆ ಮಾತ್ರ ಒಪ್ಪಲಿಲ್ಲ. ತೀರ್ಪಿಗಾಗಿ ಸಂಜೆ ಎಲ್ಲರೂ ಡಾಕ್ಟರ ಹತ್ತಿರ ಹೋದರು.

ಡಾಕ್ಟರಮ್ಮ ಇಬ್ಬರ ಕತ್ತನ್ನೂ ಒತ್ತಿ ನೋಡಿದರು. “ಒಂದೇ ಭಂಗಿಲಿ ಗಂಟೆಗಟ್ಟಲೆ ಇದ್ರೆ ಇನ್ನೇನಾಗುತ್ತೆ? ಸ್ವಲ್ಪ ದಿನ ಬಿಡುವು ಕೊಡಿ, ಸರಿಹೋಗುತ್ತೆ. ಆಮೇಲೂ ಕೆಲಸದ ಮಧ್ಯೆ ಎದ್ದು ಮೈ ಸಡಿಲ ಮಾಡ್ಕೊಳ್ಳಿ.”

“ಅದಿರಲಿ ಡಾಕ್ಟ್ರೇ, ಯಾರದು ದೊಡ್ಡದು?” ಎಂದರು ಮೇಸ್ತ್ರಿ.

ಡಾಕ್ಟರಮ್ಮನ ಗಮನ ಅಲ್ಲಿರಲಿಲ್ಲ. ಬೆಂಚು ಹಿಡಿದು, ತುಟಿ ಕಚ್ಚಿ, ಕಂತುಕಂತಾಗಿ ಕೂರುತ್ತಿದ್ದ ಮೇಸ್ತ್ರಿಯ ಹೆಂಡತಿಯನ್ನು ಅವರು ನೋಡುತ್ತಿದ್ದರು. ಹತ್ತಿರ ಕರೆದು ಮೊಣಕಾಲು ಮಡಿಸಿ, ಬಿಡಿಸಿ, ಕಿವಿಗೊಟ್ಟರು. ಲಟಲಟ ಸದ್ದು ಟೈಲರಿಗೂ ಕೇಳಿಸಿತು.

“ಏನು ಕೆಲಸ ಮಾಡ್ತೀರಮ್ಮ?”

“ಅವಳಾ?” ಎಂದು ಮೇಸ್ತ್ರಿಯೇ ಉತ್ತರಿಸಿದರು. “ಏನೂ ಇಲ್ಲ. ಮನೇಲೇ ಇರ್ತಾಳೆ.”

“ಹಾಗಾದ್ರೆ ಸುಲಭ ಆಯ್ತು. ನಿಮ್ಮ ಕತ್ತು ಸರಿಹೋದ ಮೇಲೆ ಆ ‘ಏನೂ ಇಲ್ಲ’ವನ್ನೆಲ್ಲ ನೀವೇ ಮಾಡಿ. ಇವರು ಕುಕ್ಕರಗಾಲಲ್ಲಿ ಕೂರಬಾರದು, ನೀರಿನ ಕೊಡ ಎತ್ತಬಾರದು, ನೆಲ ಒರೆಸಬಾರದು. ನೀವು ಕೇಳಿದ್ರಲ್ಲ, ಯಾರದು ದೊಡ್ಡದು ಅಂತ? ಇವರದೇ.”

ಹೆಂಡತಿಯ ಮುಖ ಅರಳಿದ್ದನ್ನು ನೋಡಬೇಕಿತ್ತು! ದಾರಿಯುದ್ದಕ್ಕೂ ಸಿಕ್ಕವರನ್ನೆಲ್ಲ ನಿಲ್ಲಿಸಿ, “ಕೇಳಿದ್ರಾ? ಎಲ್ಲರಿಗಿಂತ ನಂದೇ ದೊಡ್ಡದಂತೆ!” ಎಂದು ಸಾರಿಕೊಂಡೇ ಮನೆ ಸೇರಿದಳು.

ಮುಂದಿನ ವಾರ ಅವಳು ಕುರ್ಚಿಯ ಮೇಲೆ, ಮಣೆಗೆ ಕಾಲು ನೀಡಿ, ಮಹಾರಾಣಿಯ ಹಾಗೆ ಆಸೀನಳಾಗಿದ್ದಳು. ಮೇಸ್ತ್ರಿ ಪೊರಕೆ ಹಿಡಿದಿದ್ದರು. ಸೋಲೊಪ್ಪುವ ಜಾತಿಯಲ್ಲ ಅವರದು. ಮನೆಯನ್ನೆಲ್ಲ ಗುಡಿಸಿ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

“ನೋಡೇ, ಮೇಸ್ತ್ರಿ ಕೈ ಅಂದ್ರೆ ಇದು. ಎಲ್ಲಾದ್ರೂ ಒಂದು ಕಸ ತೋರಿಸು ನೋಡೋಣ!”

“ಮಂಚದ ಕೆಳಗೆ,” ಎಂದಳು ಅವಳು, ಕಣ್ಣೂ ಹೊರಳಿಸದೆ.

“ಮಂಚದ ಕೆಳಗೆ ಯಾರೇ ಗುಡಿಸ್ತಾರೆ?”

“ನಾನು. ದಿನಾ.”

ಮೇಸ್ತ್ರಿ ಮಂಚದ ಪಕ್ಕ ತಲೆ ತಗ್ಗಿಸಿ ಮಂಡಿಯೂರಿದರು.