ಚಂದ್ರನ ಯಂತ್ರಕ್ಕೆ ನಾನು ಕಲಿಸಿದ ಬುದ್ಧಿ

ತಪ್ಪು ಮಾಡಲು ಒಂದು ನಿಮಿಷ ಸಾಕು. ಒಪ್ಪಿಕೊಳ್ಳಲು ಮಾತ್ರ ಕಮಲಾಪುರದಿಂದ ಕಲಬುರಗಿಗೆ ಬಸ್ ಹತ್ತಬೇಕಾಗುತ್ತದೆ. ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ಹಚ್ಚಿ, ಮೂರು ಸಲವೂ "ಊಟ ಆಯ್ತೇನವ್ವ?" ಎಂದು ಕೇಳಿ ಇಟ್ಟಿದ್ದೆ. ಕೊನೆಗೆ ತಂಗಿ ಗಂಗೂನೇ, "ಎಷ್ಟ್ ಸಲ ಉಣ್ಣಲಿ ಅಣ್ಣ?" ಎಂದಳು.

ಕಲಬುರಗಿಯ ಕಾಲೇಜಿನಲ್ಲಿ ಗಂಗೂ ಓದುವುದು ಯಂತ್ರಮಾನವನಿಗೆ ದೂರದಿಂದ ಕೆಲಸ ಹೇಳುವ ವಿದ್ಯೆ. ದಪ್ಪನೆಯ ಮುಖವಾಡ ಕಟ್ಟಿಕೊಂಡರೆ ಕಣ್ಣೆದುರು ಚಂದ್ರನ ನೆಲ. ಕೈಗವಸು ತೊಟ್ಟು ಕೈ ಎತ್ತಿದರೆ, ಕೋಣೆಯ ಆಚೆ ತುದಿಯ ಯಂತ್ರವೂ ಕೈ ಎತ್ತುತ್ತದೆ, ಆದರೆ ಮೂರು ಸೆಕೆಂಡು ತಡೆದು. ನಿಜವಾದ ಚಂದ್ರನಿಗೆ ಸುದ್ದಿ ಮುಟ್ಟಿ ಬರಲು ಅಷ್ಟು ಹೊತ್ತು ಬೇಕಂತೆ. ಸೋಮವಾರ ಇದಕ್ಕೆ ಹಣ ಕೊಡುವ ದೊಡ್ಡವರು ಯಂತ್ರ ನೋಡಲು ಬರುವವರಿದ್ದರು. ಅವರು ಒಪ್ಪಿದರಷ್ಟೇ ಅವಳ ಎರಡು ವರ್ಷದ ಕೆಲಸ ಮುಂದುವರಿಯುತ್ತಿತ್ತು.

ಐದನೇ ತರಗತಿಯಲ್ಲೇ ಪುಸ್ತಕಕ್ಕೆ ಕೈ ಮುಗಿದ ನನ್ನದು ಕೆಂಪು ಬಾಳೆಹಣ್ಣಿನ ವ್ಯಾಪಾರ. ಮೆತ್ತಗಿನ ವಸ್ತುವನ್ನು ಯಂತ್ರ ಹಿಡಿಯಬಲ್ಲದೇ ನೋಡಬೇಕು ಎಂದಳೆಂದು ಶುಕ್ರವಾರ ಒಂದು ಚಿಪ್ಪು ಒಯ್ದಿದ್ದೆ. ಯಂತ್ರವೋ, ಹಣ್ಣನ್ನು ಕಳ್ಳನ ಕೊರಳಪಟ್ಟಿ ಹಿಡಿದಂತೆ ಹಿಡಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಅವಳು ಚಹಾ ತರಲು ಹೋದಾಗ, ಹಣ್ಣು ಹಿಡಿಯುವುದನ್ನು ಚಂದ್ರಲೋಕಕ್ಕೆ ಕಲಿಸಿಯೇ ಬಿಡೋಣವೆಂದು ಮುಖವಾಡ ಕಟ್ಟಿಕೊಂಡು ಕೈಗವಸು ತೊಟ್ಟೆ. ಕೈ ಚಾಚಿದೆ. ಯಂತ್ರ ಅಲ್ಲಾಡಲಿಲ್ಲ. ಮತ್ತೆ ಚಾಚಿದೆ. ಆಮೇಲೆ ರಸ್ತೆಯಾಚೆಯ ಗಿರಾಕಿಯನ್ನು ಕರೆಯುವಂತೆ ಜೋರಾಗಿ ಬೀಸಿದೆ. ಮೂರು ಸೆಕೆಂಡಿನ ಮಾತು ನನಗೆ ಮರೆತೇ ಹೋಗಿತ್ತು; ನನ್ನ ಅಪ್ಪಣೆಗಳೆಲ್ಲ ಸಾಲಾಗಿ ಹೋಗಿ ಮುಟ್ಟಿದವು. ಯಂತ್ರ ಒಂದನ್ನೂ ಮೀರಲಿಲ್ಲ. ಹಣ್ಣು ಗೋಡೆಗೆ, ಯಂತ್ರದ ಬೆರಳೊಂದು ನೆಲಕ್ಕೆ. ಗೋಡೆ ಒರೆಸಿ, ಬಸ್ಸಿಗೆ ಹೊತ್ತಾಯಿತೆಂದು ಅವಳು ಬರುವ ಮೊದಲೇ ಓಡಿ ಬಂದೆ.

ಶನಿವಾರ ಗಂಗೂ ಫೋನ್ ಮಾಡಿದಳು. "ಯಂತ್ರ ತಾನೇ ಹಣಿ ಬಡಕೊಂಡು ಬೆರಳು ಮುರಕೊಂಡದ ಅಣ್ಣ. ನಾ ಬರೆದ ಪ್ರೋಗ್ರಾಮಿನಾಗ ತಪ್ಪದ. ನಾಳಿ ಪೂರಾ ಅಳಿಸಿ ಹೊಸದಾಗಿ ಬರೀತೀನಿ."

ನಾನು ಬಾಯಿ ಬಿಡದಿದ್ದರೆ ಸರಿಯಿದ್ದದ್ದನ್ನು ಅವಳು ಕೈಯಾರೆ ಅಳಿಸುತ್ತಿದ್ದಳು. ಅದಕ್ಕೇ ಭಾನುವಾರದ ಬಸ್ಸು.

"ಗಂಗೂ, ಅಳಿಸಬ್ಯಾಡ. ಬೆರಳು ಮುರಿದಾಂವ ನಾ."

ಅವಳು ಕೀಲಿಮಣೆಯಿಂದ ಕೈ ತೆಗೆದಳು. "ಎಷ್ಟ್ ಸಲ ಕೈ ಆಡಿಸಿದಿ?"

"ಒಂದ್... ಎರಡ್ ಸಲ."

"ಅದು ಎಲ್ಲಾ ಬರಕೊಂಡಿರ್ತದ, ಅಣ್ಣ."

"ಹಂಗಾದ್ರ ಹತ್ತು ಅನ್ನು."

ದಾಖಲೆ ತೆರೆದಳು. ಹತ್ತೊಂಬತ್ತು. ಅದರಲ್ಲಿ ಹದಿನೇಳನೆಯದು ನಾನು ಹಣೆಯ ಬೆವರು ಒರೆಸಿಕೊಂಡದ್ದು. ಯಂತ್ರದ ಹಣೆ ಕಬ್ಬಿಣದ್ದು.

"ಇದನ್ನ ನಿನ್ನೇನೇ ಯಾಕ ತೆಗೆದು ನೋಡಲಿಲ್ಲ?" ಎಂದೆ, ತಪ್ಪು ಅವಳದೇ ಎಂಬಂತೆ.

"ಅವತ್ತ ಇಲ್ಲಿ ನೀನೊಬ್ಬನೇ ಇದ್ದಿ. ನೀ ಹೇಳದ ಕೇಳದ ಮುಟ್ಟಾಂವಲ್ಲ ಅಂತ ತಿಳಿದಿದ್ದೆ."

ಇದಕ್ಕಿಂತ ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು. "ಬೈದರೂ ಬೈಯವ್ವ," ಎಂದೆ.

"ಬೈಲಿಕ್ಕ ಟೈಮಿಲ್ಲ. ಅಂಟು ಹಚ್ಚೀನಿ, ಒಣಗೋತನಕ ಈ ಬೆರಳು ಹಿಡಕೊಂಡು ಕೂಡು. ಅಲ್ಲಾಡಿದ್ರ ನೋಡು ಮತ್ತ!"

ಏನಾದರೂ ಸರಿ, ಅಲ್ಲಾಡಬಾರದೆಂದು ಹಲ್ಲು ಕಚ್ಚಿ ಕೂತೆ. ಮೂಗು ತುರಿಸಿತು, ಕಾಲು ಜೋಮು ಹಿಡಿಯಿತು. ಎರಡು ಗಂಟೆ ಕೂತೇ ಇದ್ದೆ. ಸೋಮವಾರ ಆ ಬೆರಳು ಹಣ್ಣನ್ನು ಕೂಸನ್ನು ಎತ್ತಿದಷ್ಟು ಮೆತ್ತಗೆ ಎತ್ತಿತು, ದೊಡ್ಡವರು ಒಪ್ಪಿದರು. ಊರಲ್ಲಿ ಈಗ ಎಲ್ಲರಿಗೂ ಹೇಳುತ್ತಿದ್ದೇನೆ: ತಂಗಿಯ ಈ ದೊಡ್ಡ ಕೆಲಸದಲ್ಲಿ ನನ್ನದೂ ಒಂದು ಪಾಲಿದೆ, ಎರಡು ಗಂಟೆ ನಾನು ಏನೂ ಮಾಡಲಿಲ್ಲ.