ಐದು ಮೇಜುಗಳ ಆಟ

ಆ ದಿನದ ಅನರ್ಥಕ್ಕೆಲ್ಲ ಮೂಲ ಕಚೇರಿಯ ಬಾಗಿಲು. ಬೆಳಿಗ್ಗೆ ಒಳಗೆ ಬರುವಾಗ ಗುಮಾಸ್ತನ ತಲೆ ಎಂದಿನಂತೆ ಮೇಲಿನ ಪಟ್ಟಿಗೆ ಬಡಿಯಿತು. ಎಂದೂ ನೋಡದ ಸಾಹೇಬರು ಅಂದು ತಲೆಯೆತ್ತಿ ನೋಡಿದರು. ದೇವರು ಅವನಿಗೆ ಎತ್ತರವನ್ನು ಕೈಬಿಚ್ಚಿ ಕೊಟ್ಟಿದ್ದ, ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ಮಾತ್ರ ಹೇಳಿರಲಿಲ್ಲ. ಕಚೇರಿಯಲ್ಲಿ ಅವನ ಹೆಸರೇ ಏಣಿ.

"ಏಣಿ, ಸಂಜೆ ಬ್ಯಾಸ್ಕೆಟ್‌ಬಾಲ್ ಫೈನಲ್. ನಮ್ಮ ಐವರಲ್ಲಿ ಒಬ್ಬನಿಗೆ ಜ್ವರ. ನೀನು ಆಡು."

"ಸಾರ್, ನಾನು ಚೆಂಡು ಮುಟ್ಟಿದವನೇ ಅಲ್ಲ."

"ಗೆದ್ರೆ ತಂಡದವರ ವರ್ಗಾವಣೆ ಅರ್ಜಿಗೆ ಸಹಿ ಹಾಕ್ತೀನಿ. ಸೋತ್ರೆ ಕಸದ ಬುಟ್ಟಿಗೆ."

ಏಣಿಯ ಅರ್ಜಿ ಆ ಮೇಜಿನ ಮೇಲೆ ಮೂರು ವರ್ಷದಿಂದ ತಪಸ್ಸು ಮಾಡುತ್ತಿತ್ತು. ಹೆಂಡತಿ, ಮಗಳು ಇನ್ನೊಂದು ಊರಿನಲ್ಲಿ. ಮಗಳಿಗೆ ಅಪ್ಪನೆಂದರೆ ಫೋನಿನೊಳಗಿನ ಮುಖ. ಕಳೆದ ರಜೆಯಲ್ಲಿ ಎದುರಿಗೆ ಬಂದು ನಿಂತವನನ್ನು ಕಂಡು ಹೆದರಿ ಅತ್ತಿದ್ದಳು.

ಮಧ್ಯಾಹ್ನ, ಒಂದು ಕಾಲದ ಆಟಗಾರನಾದ ಜವಾನಜ್ಜ ಐವರನ್ನೂ ಕೂರಿಸಿಕೊಂಡ. "ನೋಡ್ರಪ್ಪ, ಇದಕ್ಕೆ ಜೋನ್ ಡಿಫೆನ್ಸ್ ಅಂತಾರೆ. ಆಳನ್ನ ಕಾಯೋದಲ್ಲ, ಜಾಗ ಕಾಯೋದು. ಮುಂದೆ ಇಬ್ರು, ಬುಟ್ಟಿ ಹತ್ರ ಮೂವರು. ಚೆಂಡು ಹೋದ ಕಡೆಗೆ ಎಲ್ರೂ ಒಟ್ಟಿಗೆ ಸರೀಬೇಕು."

ಐವರೂ ಸುಣ್ಣದ ಗೋಡೆಯಂತೆ ಕೂತಿದ್ದರು. ಅಜ್ಜ ನಿಟ್ಟುಸಿರಿಟ್ಟ. "ಸರಿ. ಚೆಂಡು ಅಂದ್ರೆ ಫೈಲು. ನಿಮ್ಮ ಮೇಜಿಗೆ ಬಂದ್ರೆ ನೀವು ನೋಡ್ಕೊಳ್ಳಿ."

"ಹಾಗಂತ ಮೊದಲೇ ಹೇಳ್ಬಾರ್ದಾ ಅಜ್ಜ," ಎಂದ ಟಪಾಲಿನ ಗುಮಾಸ್ತ. ಎಲ್ಲರ ಮುಖದಲ್ಲೂ ಜ್ಞಾನೋದಯದ ಶಾಂತಿ ಮೂಡಿತು. ಕೆಟ್ಟದ್ದು ಅಲ್ಲೇ.

ಸಂಜೆ ಎದುರಾಳಿ ಚೆಂಡು ಪುಟಿಸುತ್ತ ಟಪಾಲಿನವನಿಗೂ ದಾಖಲೆ ವಿಭಾಗದವನಿಗೂ ನಡುವೆ ನುಗ್ಗಿದ.

"ಅದು ನಿನ್ನ ಮೇಜಿಂದು," ಎಂದ ಟಪಾಲಿನವ.

"ನನಗಿನ್ನೂ ಬಂದೇ ಇಲ್ಲ. ನಿನ್ನ ಹತ್ರಾನೇ ಪೆಂಡಿಂಗು."

ಇಬ್ಬರೂ ಕೈಕಟ್ಟಿ ನಿಂತರು. ಚೆಂಡು ಬುಟ್ಟಿಗೆ ಬಿತ್ತು. ಮುಂದಿನ ಸಲ ಹಿಂದಿದ್ದ ಇಬ್ಬರು, "ಮೇಲಿನೋರಿಗೆ ಹೋಗ್ಲಿ ಬಿಡ್ರಿ," ಎಂದು ಮರ್ಯಾದೆಯಿಂದ ದಾರಿ ಬಿಟ್ಟರು. ಲಕೋಟೆ ಎಸೆದು ಪಳಗಿದ ಟಪಾಲಿನವನ ಕೈ ಗುರಿ ತಪ್ಪುತ್ತಿರಲಿಲ್ಲ, ನಿಜ. ಆದರೆ ಈ ಕಡೆ ತಡೆಯುವವರೇ ಇಲ್ಲ. ಅಜ್ಜ ಗೆರೆಯಾಚೆ ತಲೆ ಚಚ್ಚಿಕೊಳ್ಳುತ್ತಿದ್ದ.

ಅರ್ಧ ಆಟಕ್ಕೆ ಹದಿನಾಲ್ಕು ಅಂಕ ಹಿಂದೆ. ಏಣಿಗೆ ಹೆಂಡತಿಯ ಫೋನು ಬಂತು. "ಈ ಸಲ ಅಪ್ಪ ಬಂದ್ರೆ ಅಳಲ್ಲ ಅಂತಾಳೆ ರೀ ಇವಳು. ಮಂಚದಲ್ಲಿ ಜಾಗಾನೂ ಬಿಟ್ಟಿದಾಳೆ."

ಏಣಿ ಕಣ್ಣುಮುಚ್ಚಿ ಕೈಮುಗಿದ. ಆಮೇಲೆ ಜಾಗವನ್ನೂ ಮರೆತ, ಮೇಜನ್ನೂ ಮರೆತ. ಬಿರುಗಾಳಿಗೆ ಸಿಕ್ಕ ಬಟ್ಟೆ ಒಣಹಾಕುವ ಗಳದಂತೆ ಐವರ ಜಾಗಕ್ಕೂ ಒಬ್ಬನೇ ಓಡಿದ. ಮೊಣಕೈ, ಬೆನ್ನು, ಕಿವಿ, ಯಾವುದು ಸಿಕ್ಕಿದರೆ ಅದರಿಂದ ತಡೆದ. ಆ ಕಡೆ ಟಪಾಲಿನವ ಬುಟ್ಟಿ ತುಂಬುತ್ತ ಹೋದ. ಕೊನೆಯ ಚೆಂಡು ಅವನ ಮೂಗಿಗೆ ಬಡಿದು ಹೊರಗೆ ಹೋಯಿತು. ಒಂದೇ ಅಂಕದ ಗೆಲುವು.

ಸಾಹೇಬರು ಅಲ್ಲೇ ಕಾರಿನ ಮೇಲೆ ಕಾಗದ ಹರಡಿ ಸಹಿ ಹಾಕಿದರು. ಟಪಾಲಿನವ, ದಾಖಲೆಯವ, ಉಳಿದಿಬ್ಬರು, ಒಬ್ಬೊಬ್ಬರೇ ಆದೇಶ ಎದೆಗವುಚಿಕೊಂಡು ಹೊರಟರು.

"ಸಾರ್, ನನ್ನದು?" ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಏಣಿ ಕೇಳಿದ.

"ನೀವೆಲ್ಲ ಹೋದ್ರೆ ಕಚೇರಿ ಹೇಗಪ್ಪ ಅಂತ ಬೆಳಿಗ್ಗೆಯಿಂದ ಕೊರಗ್ತಿದ್ದೆ ಏಣಿ. ದೇವರೇ ಕಣ್ಣೆದುರು ತೋರಿಸ್ಬಿಟ್ಟ. ಐದು ಜನದ ಜಾಗ ಒಬ್ಬನೇ ನೋಡ್ಕೊಂಡ್ಯಲ್ಲ. ನಾಳೆಯಿಂದ ಐದೂ ಮೇಜು ನಿಂದೇ."

ಏಣಿಯ ಜೇಬಿನಲ್ಲಿ ಮತ್ತೆ ಹೆಂಡತಿಯ ಫೋನು ಕೂಗತೊಡಗಿತು. ಅದು ನಿನ್ನ ಮೇಜಿನದೆಂದು ತಳ್ಳಿಬಿಡಲು ಅಂಗಳದಲ್ಲಿ ಈಗ ಯಾರೂ ಉಳಿದಿರಲಿಲ್ಲ.